ಟೋಪಿಯೊಳಗಿನ ಹೆಸರು

1830ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಹದಿನೆಂಟರ ಹುಡುಗನೊಬ್ಬ ಗಿಳಿಗಳ ಚಿತ್ರ ಬರೆಯತೊಡಗಿದ. ಹೆಸರು ಎಡ್ವರ್ಡ್ ಲಿಯರ್. ಸತ್ತ ಹಕ್ಕಿಗೆ ಹುಲ್ಲು ತುಂಬಿ, ಅದನ್ನು ನೋಡಿ ಬರೆಯುವುದು ಆಗ ರೂಢಿಯಲ್ಲಿತ್ತು. ಇವನಿಗೆ ಜೀವಂತ ಗಿಳಿಯೇ ಬೇಕು. 42 ಚಿತ್ರಫಲಕಗಳ ಆ ಪುಸ್ತಕದ 175 ಪ್ರತಿಗಳು ಅಚ್ಚಾದವು. ಹಣ ಬರಲಿಲ್ಲ, ಹೆಸರು ಬಂತು.

ಹುಡುಗ ಸಂಕೋಚದವನು. ತುಂಬಿದ ಮನೆಯ ಕೊನೆಯ ಮಕ್ಕಳಲ್ಲೊಬ್ಬ. ತಂದೆಯ ವ್ಯವಹಾರ ನೆಲಕಚ್ಚಿದ ಮೇಲೆ ಸಾಕಿದ್ದು ಅಕ್ಕ ಆ್ಯನ್. ಅವಳು ಅವನಿಗಿಂತ ಇಪ್ಪತ್ತೊಂದು ವರ್ಷ ದೊಡ್ಡವಳು. ಎಳವೆಯಿಂದಲೇ ಮೂರ್ಛೆರೋಗವಿತ್ತು. ಆ ಕಾಲಕ್ಕೆ ಅದು ಬರೀ ಕಾಯಿಲೆಯಲ್ಲ, ಕಳಂಕ. ಬರುವ ಸೂಚನೆ ಸಿಕ್ಕ ಕೂಡಲೇ ಎದ್ದು ಕೋಣೆಗೆ ಹೋಗಿಬಿಡುತ್ತಿದ್ದ. ದಿನಚರಿಯಲ್ಲಿ ಒಂದು ಅಡ್ಡಗೀಟಿನ ಗುರುತು, ಅಷ್ಟೇ. ಆಪ್ತ ಗೆಳೆಯರಿಗೂ ಗೊತ್ತಾಗದಂತೆ ಬದುಕಿದ.

ಗಿಳಿಗಳನ್ನು ಮೆಚ್ಚಿದ ಶ್ರೀಮಂತ ಮನೆತನವೊಂದು ಲಿವರ್‌ಪೂಲ್ ಬಳಿಯ ನೋಸ್ಲಿಗೆ, ತಮ್ಮ ಖಾಸಗಿ ಮೃಗಾಲಯದ ಚಿತ್ರ ಬರೆಯಲು ಕರೆಸಿತು. ಅಂಥ ಮನೆಯಲ್ಲಿ ಕೂಲಿ ಚಿತ್ರಕಾರನ ಊಟ ಮೇಲಾಳುಗಳ ಜೊತೆ. ಮುದುಕ ಡಾರ್ಬಿ ಪ್ರಭುವಿನ ಮೊಮ್ಮಕ್ಕಳು ಊಟ ಮುಗಿದದ್ದೇ ತಡ ಓಡಿಹೋಗುತ್ತಿದ್ದರಂತೆ. ಎಲ್ಲಿಗೆ ಎಂದು ವಿಚಾರಿಸಿದರೆ, ಕೆಳಗಿರುವ ಚಿತ್ರಕಾರನ ತಮಾಷೆ ನೋಡಲು! ಹಾಗಾದರೆ ಅವನೇ ಮೇಲೆ ಬರಲಿ ಎಂದನಂತೆ ಮುದುಕ. ಕತೆಗೆ ಒಂದಿಷ್ಟು ಬಣ್ಣ ಸೇರಿರಬಹುದು. ಲಿಯರ್ ಮೆಟ್ಟಿಲು ಹತ್ತಿದ್ದಂತೂ ನಿಜ. ಮಕ್ಕಳಿಗೆ ಐದು ಸಾಲಿನ ಅಸಂಬದ್ಧ ಪದ್ಯ ಕಟ್ಟಿ, ಪಕ್ಕದಲ್ಲಿ ಉದ್ದ ಮೂಗಿನ ಮನುಷ್ಯರನ್ನು ಗೀಚಿ ಕೊಡುತ್ತಿದ್ದ. ಆಮೇಲೆ ದೊಡ್ಡವರ ಕೂಟಗಳಲ್ಲೂ ಪಿಯಾನೊ ಮುಂದೆ ಕೂತು ಹಾಡತೊಡಗಿದ. ಸಂಗೀತ ಕಲಿತವನಲ್ಲ. ಟೆನಿಸನ್ನನ ಕವಿತೆಗಳಿಗೆ ತಾನೇ ರಾಗ ಹಾಕಿ ಹಾಡಿ ಕೇಳುಗರ ಕಣ್ಣು ತೇವ ಮಾಡುತ್ತಿದ್ದ, ಮರುಗಳಿಗೆ ನಗಿಸುತ್ತಿದ್ದ. ಮೂರ್ಛೆಯ ಭಯವಿದ್ದವನು ಎಲ್ಲರ ಕಣ್ಣೆದುರು ಕೂರುವುದೇಕೆ? ನನಗನಿಸುವುದು, ಸುಮ್ಮನೆ ಕೂತ ಅತಿಥಿಯನ್ನು ಜನ ಗಮನಿಸುತ್ತಾರೆ. ನಗಿಸುವವನ ತಮಾಷೆಯನ್ನಷ್ಟೇ ಗಮನಿಸುತ್ತಾರೆ.

1846ರಲ್ಲಿ ಆ ಪದ್ಯಗಳು ಪುಸ್ತಕವಾದಾಗ ಸ್ವಂತ ಹೆಸರು ಹಾಕಲಿಲ್ಲ. ಅದೇ ವರ್ಷ ವಿಕ್ಟೋರಿಯಾ ರಾಣಿಗೆ ಚಿತ್ರಪಾಠ ಹೇಳಿಕೊಟ್ಟ. ಗಂಭೀರ ಕಲಾವಿದನಿಗೆ ವಿದೂಷಕನ ಬಿರುದು ಬೇಡವಾಗಿತ್ತೇನೋ. 1861ರ ಆವೃತ್ತಿಯಲ್ಲಿ ಹೆಸರು ಬಂತು. ಆಗ ಜನರೇ ನಂಬಲಿಲ್ಲ. ರೈಲಿನಲ್ಲಿ ಒಬ್ಬ ಮಹಾಶಯ, ಎಡ್ವರ್ಡ್ ಲಿಯರ್ ಎಂಬ ಮನುಷ್ಯನೇ ಇಲ್ಲ, 'ಅರ್ಲ್' ಎಂಬ ಪದದ ಅಕ್ಷರಗಳನ್ನು ಅದಲುಬದಲು ಮಾಡಿ ಡಾರ್ಬಿ ಪ್ರಭುವೇ ಬರೆದದ್ದು ಎಂದು ವಾದಿಸಿದನಂತೆ. ಎದುರು ಕೂತಿದ್ದ ಲಿಯರ್ ತನ್ನ ಟೋಪಿ ತೆಗೆದು ಒಳಗೆ ಬರೆದಿದ್ದ ಹೆಸರನ್ನು ತೋರಿಸಿದ. ಆ ದೃಶ್ಯದ ಚಿತ್ರವನ್ನೂ ತಾನೇ ಬರೆದ.

1873ರ ಕೊನೆಯಲ್ಲಿ ವೈಸರಾಯ್ ನಾರ್ತ್‌ಬ್ರೂಕ್ ಆಹ್ವಾನದ ಮೇಲೆ ಭಾರತಕ್ಕೆ ಬಂದ. ವಯಸ್ಸು 61. ಡಾರ್ಜಿಲಿಂಗಿನಿಂದ ಕಾಂಚನಜುಂಗಾ ಬರೆದ, ಮಲಬಾರಿನವರೆಗೂ ಇಳಿದ. ನಡುವೆ ಒಂದು ಪದ್ಯ ಕಟ್ಟಿದ. ಅದರಲ್ಲಿ ಹೆಂಗಸೊಬ್ಬಳು ದೋಬಿಯ ಮೇಲೆ ಕೂತಿದ್ದಾಳೆ, ಖಾನ್ಸಾಮಗಳು ಮರಗಳಾಗಿ ಬೆಳೆದಿದ್ದಾರೆ, ಕೊನೆಗೆ ಕಮರ್‌ಬಂದ್ ಎಂಬ ಪ್ರಾಣಿ ಬಂದು ಅವಳನ್ನು ನುಂಗುತ್ತದೆ. ದೊಡ್ಡ ಸಾಹೇಬರ ಅತಿಥಿ, ಅವರ ಮನೆಯಾಳುಗಳ ಹೆಸರುಗಳನ್ನೇ ಕಾಡು ಮಾಡಿಬಿಟ್ಟಿದ್ದ.