ಪ್ರಾಧ್ಯಾಪಕ ಸತೀಶ ಧವನ್ : ಗುರು ಹಾಗೂ ಗೃಹಸ್ಥ

ನಮ್ಮ ದೇವಾಲಯದ ಶತಮಾನೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ಧರ್ಮಾಧ್ಯಕ್ಷರು, ಮಿಷನರಿ ಗುರುಗಳು, ಕನ್ಯಾಸ್ತ್ರೀಯರು ಇವರ ಸ್ಮರಣೆಯ ನಡುವೆ ಒಬ್ಬ ಇಂಜಿನಿಯರಿಂಗ್ ಪ್ರಾಧ್ಯಾಪಕರಿಗೆ ಎಡೆಯೇಕೆ ಎಂದು ಕೆಲವರು ಕೇಳಬಹುದು. ಅವರು ನಮ್ಮ ಧರ್ಮಸಭೆಗೆ ಸೇರಿದವರಲ್ಲ; ತಿಕೋಟೆಯ ನೆಲದವರೂ ಅಲ್ಲ. ಆದರೂ ನಮ್ಮ ಜಿಲ್ಲೆಯ ಹಳ್ಳಿಗಳ ಇತಿಹಾಸದ ಒಂದು ವರ್ಷವೂ, ಕಥೋಲಿಕ ಧರ್ಮಸಭೆಯ ಒಂದು ಪುಟ್ಟ ದೇವಾಲಯವೂ ಅವರು ಮುನ್ನಡೆಸಿದ ಕಾರ್ಯದೊಡನೆ ಹೆಣೆದುಕೊಂಡಿವೆ. ಇದಲ್ಲದೆ ಇನ್ನೊಂದು ಕಾರಣವೂ ಉಂಟು. ಅದನ್ನು ಮುಂದೆ ಹೇಳುತ್ತೇವೆ.

ಯಂತ್ರವಿದ್ಯೆ, ಶಿಲ್ಪವಿದ್ಯೆಗಳು ನಮ್ಮ ನಾಡಿಗೆ ಹೊಸತಲ್ಲ. ತಿಕೋಟೆಯಿಂದ ವಿಜಯಪುರಕ್ಕೆ ಹೋಗುವವರು ತೊರವಿಯನ್ನು ಹಾಯ್ದೇ ಹೋಗಬೇಕು. ಅದೇ ತೊರವಿಯಿಂದ ಆದಿಲಶಾಹಿ ಕಾಲದಲ್ಲಿ ನೆಲದಡಿಯ ಸುರಂಗಗಳ ಮೂಲಕ ಪಟ್ಟಣಕ್ಕೆ ನೀರನ್ನು ಒಯ್ದಿದ್ದರು. ನಡುವೆ ಒಂದು ಕಂಬವೂ ಇಲ್ಲದೆ ನಿಂತಿರುವ ಗೋಳಗುಮ್ಮಟದ ಮಾತನ್ನು ಹೇಳಬೇಕಾಗಿಯೇ ಇಲ್ಲ. ಆದರೆ ಆ ವಿದ್ಯೆಯನ್ನು ಕಾಲೇಜಿನಲ್ಲಿ ಕಲಿಯುವ ಅವಕಾಶ ವಿಜಯಪುರದಲ್ಲಿ ದೊರೆತದ್ದು 1980ರಲ್ಲಿ, ಬಿ.ಎಲ್.ಡಿ.ಇ. ಸಂಸ್ಥೆಯವರು ಇಂಜಿನಿಯರಿಂಗ್ ಕಾಲೇಜನ್ನು ತೆರೆದಾಗ. ಅಂದಿನಿಂದ ಒಕ್ಕಲುತನದ ಮನೆಗಳ ಮಕ್ಕಳೂ ಈ ವಿದ್ಯೆಗೆ ಕೈಹಾಕಿದರು.

ಸತೀಶ ಧವನರು ಹುಟ್ಟಿದ್ದು 1920ರ ಸೆಪ್ಟೆಂಬರ್ 25ರಂದು ಶ್ರೀನಗರದಲ್ಲಿ. ಓದಿದ್ದು ಲಾಹೋರಿನಲ್ಲಿ. ಗಣಿತ, ಭೌತಶಾಸ್ತ್ರಗಳ ಜೊತೆಗೆ ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ., ಅದಾದ ಮೇಲೆ ಮೆಕ್ಯಾನಿಕಲ್ ಇಂಜಿನಿಯರಿಂಗ್! ಸಾಹಿತ್ಯ ಓದಿದವನು ಯಂತ್ರಕ್ಕೆ ಬಾರನು, ಯಂತ್ರ ಹಿಡಿದವನಿಗೆ ಸಾಹಿತ್ಯ ಒಗ್ಗದು ಎಂದು ನಂಬಿರುವ ತಂದೆತಾಯಿಗಳು ಇದನ್ನು ಗಮನಿಸಬೇಕು. ಮುಂದೆ ಅಮೇರಿಕೆಗೆ ಹೋಗಿ, ಕ್ಯಾಲಿಫೋರ್ನಿಯಾದ ತಾಂತ್ರಿಕ ಸಂಸ್ಥೆಯಲ್ಲಿ ಹಾನ್ಸ್ ಲೀಪ್‌ಮನ್ ಎಂಬ ವಿದ್ವಾಂಸರ ಶಿಷ್ಯರಾಗಿ 1951ರಲ್ಲಿ ಡಾಕ್ಟರೇಟ್ ಪಡೆದರು. ಅದೇ ವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು, ಜನ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಸಂಸ್ಥೆಯನ್ನು, ಸೇರಿದರು. ಅಲ್ಲಿಂದ ಮುಂದೆ ಕರ್ನಾಟಕವೇ ಅವರ ಮನೆಯಾಯಿತು.

ಅಲ್ಲಿ ಅವರು ವಿದ್ಯಾರ್ಥಿಗಳೊಡನೆ ಕಟ್ಟಿದ ಮೊದಲ ಶಬ್ದಾತೀತ ವಾಯುಸುರಂಗದ ಬಾಯಿ ಬರೀ ಒಂದು ಅಂಗುಲಕ್ಕೆ ಮೂರು ಅಂಗುಲ, ಅಂಗೈಯಿಂದ ಮುಚ್ಚಬಹುದಾದಷ್ಟು. ಶಬ್ದಕ್ಕಿಂತ ವೇಗವಾಗಿ ಹಾಯುವ ಗಾಳಿಯ ಗುಣವನ್ನು ಅದರಲ್ಲಿಯೇ ಅಭ್ಯಸಿಸಿದರು. ದೇಶದ ದೊಡ್ಡ ವಾಯುಸುರಂಗಗಳು ಬಂದದ್ದು ಆಮೇಲೆ. ಇದ್ದುದರಲ್ಲಿ ಕೆಲಸ ಪ್ರಾರಂಭಿಸುವ ಈ ಗುಣ ನಮ್ಮ ಮಳೆಯಿಲ್ಲದ ಸೀಮೆಯ ರೈತನಿಗೆ ಅಪರಿಚಿತವೇನಲ್ಲ. 1962ರಲ್ಲಿ ಅವರು ಆ ಸಂಸ್ಥೆಯ ನಿರ್ದೇಶಕರಾಗಿ 1981ರವರೆಗೂ ಮುಂದುವರಿದರು.

1971ರ ಡಿಸೆಂಬರಿನಲ್ಲಿ ವಿಕ್ರಮ ಸಾರಾಭಾಯಿಯವರು ಅಕಾಲದಲ್ಲಿ ತೀರಿಕೊಂಡಾಗ, ಬಾಹ್ಯಾಕಾಶ ಕಾರ್ಯದ ಹೊಣೆಯನ್ನು ಹೊರುವಂತೆ ಪ್ರಧಾನಿ ಇಂದಿರಾ ಗಾಂಧಿಯವರು ಧವನರನ್ನು ಕರೆದರು. ಆಗ ಅವರು ಕ್ಯಾಲಿಫೋರ್ನಿಯಾದಲ್ಲಿದ್ದರು. ಯಾರಾದರೂ ಓಡೋಡಿ ಬರಬಹುದಾದ ಪದವಿಯದು. ಇವರಾದರೋ ಷರತ್ತುಗಳನ್ನು ಮುಂದಿಟ್ಟರು : ಅಲ್ಲಿಯ ಅಧ್ಯಯನ ಮುಗಿಸಿಯೇ ಬರುವೆ, ವಿಜ್ಞಾನ ಸಂಸ್ಥೆಯನ್ನು ಬಿಡಲಾರೆ, ಬಾಹ್ಯಾಕಾಶ ಕಾರ್ಯದ ಕೇಂದ್ರಸ್ಥಾನ ಬೆಂಗಳೂರಿನಲ್ಲಿಯೇ ಇರಬೇಕು. ಮೂರನ್ನೂ ಒಪ್ಪಲಾಯಿತು. 1972ರಿಂದ 1984ರವರೆಗೆ ಅವರು ಇಸ್ರೋ ಸಂಸ್ಥೆಯ ಅಧ್ಯಕ್ಷರಾಗಿದ್ದರು. ದೆಹಲಿಯ ಆಸ್ಥಾನವನ್ನು ಬಯಸದೆ ತನ್ನ ಶಿಷ್ಯರ ಬಳಿ, ತನ್ನ ಮನೆಯಿರುವ ಊರಿನಲ್ಲಿ ಉಳಿದವನನ್ನು ನಾವು ಮೆಚ್ಚುತ್ತೇವೆ. ಅವರ ಧರ್ಮಪತ್ನಿ ನಳಿನಿಯವರು ಸ್ವತಃ ಜೀವವಿಜ್ಞಾನಿ. ವರ್ಣತಂತುಗಳ ಅಧ್ಯಯನ ಅವರ ಕ್ಷೇತ್ರ. ಮಗಳು ಜ್ಯೋತ್ಸ್ನಾ ಧವನ್ ಜೀವಕೋಶಗಳ ಸಂಶೋಧನೆಯಲ್ಲಿ ಹೆಸರಾದರು. ಗಂಡನ ಪದವಿಯ ನೆರಳಿನಲ್ಲಿ ಹೆಂಡತಿಯ ವಿದ್ಯೆ ಒಣಗಿಹೋಗುವ ಮನೆಗಳು ಆ ಕಾಲದಲ್ಲಿ ಎಷ್ಟಿರಲಿಲ್ಲ!

ಈಗ ನಮ್ಮ ಜಿಲ್ಲೆಯ ಮಾತಿಗೆ ಬರೋಣ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಅಮೇರಿಕದಿಂದ ಎರವಲು ಪಡೆದ ಒಂದು ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ದೂರದರ್ಶನ ಕಾರ್ಯಕ್ರಮಗಳನ್ನು ಕಳಿಸಲಾಯಿತು. ಕರ್ನಾಟಕದಲ್ಲಿ ಆರಿಸಿಕೊಂಡದ್ದು ರಾಯಚೂರು, ಗುಲಬರ್ಗಾ ಮತ್ತು ಅಂದಿನ ಬಿಜಾಪುರ ಜಿಲ್ಲೆಗಳನ್ನು. ಯೋಜನೆಯ ಕನಸು ಸಾರಾಭಾಯಿಯವರದು. ಅದು ನಡೆದದ್ದು ಧವನರ ಅಧ್ಯಕ್ಷತೆಯಲ್ಲಿ. ಕೋಳಿಗೂಡಿಗೆ ಹೊದಿಸುವಂಥ ತಂತಿಬಲೆಯಿಂದ ಮಾಡಿದ, ಸುಮಾರು ಹತ್ತು ಅಡಿ ಅಗಲದ ಬುಟ್ಟಿಯಾಕಾರದ ಆಂಟೆನಾ, ಅದರ ಕೆಳಗೆ ಊರಿಗೆಲ್ಲ ಒಂದೇ ಪೆಟ್ಟಿಗೆ. ಬೆಳಿಗ್ಗೆ ಶಾಲೆಯ ಮಕ್ಕಳಿಗೆ ಪಾಠ, ಸಂಜೆ ಹಿರಿಯರಿಗೆ ಬೇಸಾಯ, ಆರೋಗ್ಯ, ಮನರಂಜನೆ. ರಾಜಧಾನಿ ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ ಎಂಬುದನ್ನು ನೆನೆದರೆ, ಹಿಂದುಳಿದ ಸೀಮೆಯೆಂದು ಹೆಸರಾದ ನಮ್ಮ ಕಡೆಯ ಹಳ್ಳಿಗರು ಈ ಒಂದು ವಿಷಯದಲ್ಲಿ ಬೆಂಗಳೂರಿಗರಿಗಿಂತ ಮುಂದಿದ್ದರೆಂದು ಹೇಳಿಕೊಳ್ಳಬಹುದು. ಒಂದು ವರ್ಷ ತುಂಬಿದೊಡನೆ ಉಪಗ್ರಹ ಹಿಂದಕ್ಕೆ ಹೋಯಿತು. ಎರವಲು ಎಂದಿಗೂ ಎರವಲೇ. ಸ್ವಂತ ಉಪಗ್ರಹ, ಅದನ್ನು ಏರಿಸುವ ಸ್ವಂತ ರಾಕೆಟ್ಟು ಬೇಕಾಗಿತ್ತು.

ರಾಕೆಟ್ಟಿನ ಕಥೆ ಪ್ರಾರಂಭವಾಗುವುದು ದೇವಾಲಯವೊಂದರಲ್ಲಿ. ಕೇರಳದ ತುಂಬಾ ಎಂಬ ಮೀನುಗಾರರ ಊರಿನಲ್ಲಿ ಮಗ್ದಲದ ಸಂತ ಮರಿಯಳ ದೇವಾಲಯವಿತ್ತು. ಭೂಮಿಯ ಕಾಂತೀಯ ಸಮಭಾಜಕ ರೇಖೆಗೆ ಸಮೀಪವಾದ ಆ ಸ್ಥಳ ವಿಜ್ಞಾನಿಗಳಿಗೆ ಬೇಕಾಯಿತು. ತ್ರಿವೇಂದ್ರಮಿನ ಸಹಾಯಕ ಧರ್ಮಾಧ್ಯಕ್ಷರಾಗಿದ್ದ ಪೀಟರ್ ಬರ್ನಾರ್ಡ್ ಪೆರೇರಾರವರು ಭಕ್ತರ ಸಮ್ಮತಿ ಪಡೆದು ದೇವಾಲಯವನ್ನೂ ತಮ್ಮ ನಿವಾಸವನ್ನೂ ಬಿಟ್ಟುಕೊಟ್ಟರು. 1963ರ ನವೆಂಬರ್ 21ರಂದು ಅಲ್ಲಿಂದ ಮೊದಲ ರಾಕೆಟ್ಟು ಹಾರಿತು. ಬಲಿಪೂಜೆ ನಡೆಯುತ್ತಿದ್ದ ಆ ಕಟ್ಟಡದಲ್ಲಿ ಕುಳಿತು ಕೆಲಸ ಮಾಡಿದ ತರುಣರಲ್ಲಿ ಅಬ್ದುಲ್ ಕಲಾಂ ಒಬ್ಬರು. ತಲೆತಲಾಂತರದಿಂದ ಮೊಣಕಾಲೂರಿದ ಸ್ಥಳವನ್ನು ಬಿಟ್ಟುಕೊಡುವುದು ಭಕ್ತರಿಗೆ ಎಷ್ಟು ಕಠಿಣವಾಗಿರಬೇಕೆಂಬುದು, ತಮ್ಮ ದೇವಾಲಯದ ನೂರು ವರ್ಷಗಳನ್ನು ಆಚರಿಸುತ್ತಿರುವ ನಿಮಗೆ ತಿಳಿಯದ ಮಾತಲ್ಲ.

ಅದೇ ಕಲಾಂ ಅವರನ್ನು ಧವನರು ಎಸ್.ಎಲ್.ವಿ.-3 ಎಂಬ ಉಡಾವಣಾ ವಾಹನದ ಮುಖ್ಯಸ್ಥರನ್ನಾಗಿ ಇಟ್ಟುಕೊಂಡಿದ್ದರು. 1979ರ ಆಗಸ್ಟ್ 10ರಂದು ಶ್ರೀಹರಿಕೋಟೆಯಿಂದ ಅದು ಮೇಲೆದ್ದಿತು. ಎರಡನೆಯ ಹಂತದಲ್ಲಿ ಹತೋಟಿ ತಪ್ಪಿ ಸಮುದ್ರದ ಪಾಲಾಯಿತು. ನಿಯಂತ್ರಣ ವ್ಯವಸ್ಥೆಯ ಆಮ್ಲ ಸೋರಿಹೋದುದೇ ಕಾರಣವೆಂದು ಆಮೇಲೆ ತಿಳಿಯಿತು. ಹಲವು ವರ್ಷಗಳ ದುಡಿಮೆ, ಜನರ ಹಣ, ಹೊರಗೆ ಕಾದು ನಿಂತ ಪತ್ರಕರ್ತರು. ಕಲಾಂ ಅವರೇ ಮುಂದೆ ಅನೇಕ ಸಲ ಹೇಳಿರುವಂತೆ, ಧವನರು ಅಂದು ಪತ್ರಿಕಾಗೋಷ್ಠಿಗೆ ತಾವೇ ಹೋಗಿ ಸೋಲನ್ನು ತಮ್ಮ ಹೆಗಲಿಗೆ ಹಾಕಿಕೊಂಡರು. ತಮ್ಮ ತಂಡದ ಮೇಲೆ ಪೂರ್ಣ ವಿಶ್ವಾಸವಿದೆಯೆಂದರು. 1980ರ ಜುಲೈ 18ರಂದು ಅದೇ ವಾಹನ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಆ ದಿನ ಮಾತ್ರ ಪತ್ರಿಕಾಗೋಷ್ಠಿಗೆ ಹೋಗುವಂತೆ ಕಲಾಂ ಅವರಿಗೇ ಹೇಳಿದರು.

ಮೊದಲು ಹೇಳಿದ ಇನ್ನೊಂದು ಕಾರಣ ಇದೇ. ನಮ್ಮ ಅನೇಕ ಮನೆಗಳಲ್ಲಿ ಮಗ ತೇರ್ಗಡೆಯಾದರೆ ತಂದೆ ಪೇಡೆ ಹಂಚಿಕೊಂಡು ಓಡಾಡುತ್ತಾನೆ; ಒಂದು ವಿಷಯದಲ್ಲಿ ನಪಾಸಾದರೆ ಮಗನನ್ನು ನೆಂಟರ ಮುಂದೆ ನಿಲ್ಲಿಸಿ ತಾನು ಒಳಗೆ ಹೋಗುತ್ತಾನೆ. ಪರೀಕ್ಷೆಯ ಫಲಿತಾಂಶ ಬಂದ ವಾರದಲ್ಲಿ ಮನೆಗೆ ಹೋಗಲು ಅಂಜಿ ದೇವಾಲಯದ ಕಟ್ಟೆಯ ಮೇಲೆ ಕುಳಿತ ಹುಡುಗರನ್ನು ಗುರುಗಳಾದ ನಾವು ಕಂಡಿದ್ದೇವೆ. ಅವರ ತಂದೆಯಂದಿರಿಗೆ 1979ರ ಆಗಸ್ಟ್ ತಿಂಗಳ ಈ ಕಥೆಯನ್ನು ಹೇಳುವುದು ನಮ್ಮ ರೂಢಿ. ಕೆಲವರು ಕೇಳಿಸಿಕೊಂಡಿದ್ದಾರೆ.

ಧವನರ ಕಾಲದಲ್ಲಿಯೇ, 1975ರಲ್ಲಿ, ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಹುಟ್ಟಿತು. ನಾಡಿನ ಇಂಜಿನಿಯರಿಂಗ್ ವಿದ್ಯಾರ್ಥಿಗಳ ಕೊನೆಯ ವರ್ಷದ ಪ್ರಯೋಗ ಯೋಜನೆಗಳಿಗೆ ಅದು 1977ರಿಂದ ನೆರವು ಕೊಡುತ್ತ ಬಂದಿದೆ. ಈ ಲೇಖನವನ್ನು ಓದುವ ತರುಣರು ಅದನ್ನು ಕೇಳಿ ಪಡೆಯಲಿ.

ನಿವೃತ್ತಿಯ ನಂತರ ಧವನರ ಮನಸ್ಸು ಹಕ್ಕಿಗಳ ಕಡೆ ಹೊರಳಿತು. ಶ್ರೀಹರಿಕೋಟೆಯ ಮಗ್ಗುಲಲ್ಲಿಯೇ ಇರುವ ಪುಲಿಕಾಟ್ ಸರೋವರಕ್ಕೆ ರಾಜಹಂಸಗಳೂ ಹೆಜ್ಜಾರ್ಲೆಗಳೂ ಬರುತ್ತವೆ. ಹಕ್ಕಿಯ ಹಾರಾಟವನ್ನು ಕುರಿತು ಅವರು ಬರೆದ ಇಂಗ್ಲಿಷ್ ಪುಸ್ತಕ 1991ರಲ್ಲಿ ಪ್ರಕಟವಾಯಿತು. 2002ರ ಜನವರಿ 3ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಅದೇ ವರ್ಷ ಸೆಪ್ಟೆಂಬರ್ 5ರಂದು, ಶಿಕ್ಷಕರ ದಿನದಂದು, ಶ್ರೀಹರಿಕೋಟೆಯ ಉಡಾವಣಾ ಕೇಂದ್ರಕ್ಕೆ ಅವರ ಹೆಸರನ್ನಿಟ್ಟರು.