ಗಾಡಿ ವ್ಯಾಪಾರಕ್ಕೆ 50 ಸಾವಿರ ಉಚಿತವೇ? ಪುತ್ತೂರು, ಸುಳ್ಯ, ಕಡಬದ ತಿಂಡಿಗಾಡಿಗಳಿಗೆ ನಿಜವಾಗಿ ಸಿಗುವ ನೆರವು

"ಬೀದಿಬದಿ ವ್ಯಾಪಾರಿಗಳಿಗೆ ಸರಕಾರದಿಂದ 50 ಸಾವಿರ ಉಚಿತ, ಲಿಂಕ್ ಒತ್ತಿ" ಎಂಬಂಥ ಸಂದೇಶ ನಿಮ್ಮ ಗ್ರೂಪಿಗೆ ಬಂದರೆ, ಮುಂದೆ ಕಳಿಸುವ ಮೊದಲು ಇದನ್ನು ಓದಿ. ಚರುಮುರಿ, ಗೋಳಿಬಜೆ, ಆಮ್ಲೆಟ್ ಗಾಡಿ ಇಡಲು ಹೊರಟವರು ಇಂಥ ಲಿಂಕ್ ನಂಬಿ ಒಟಿಪಿ ಕೊಟ್ಟರೆ, ಗಾಡಿಗೆಂದು ಕೂಡಿಟ್ಟ ಹಣವೇ ಹೋಗಬಹುದು.

ಉಚಿತವಲ್ಲ, ಸಾಲ

ಇದರ ಹಿಂದೆ ನಿಜವಾದ ಯೋಜನೆಯೊಂದು ಇದೆ: 2020ರ ಜೂನ್‌ನಲ್ಲಿ ಆರಂಭವಾದ ಪಿಎಂ ಸ್ವನಿಧಿ. ಕೇಂದ್ರ ಸಂಪುಟ 2025ರ ಆಗಸ್ಟ್‌ನಲ್ಲಿ ಇದನ್ನು ವಿಸ್ತರಿಸಿ ಸಾಲದ ಮೊತ್ತ ಹೆಚ್ಚಿಸಿತು. ಮೊದಲು 15,000 ರೂ.ವರೆಗೆ ಸಾಲ. ಅದನ್ನು ತೀರಿಸಿದರೆ 25,000, ಅದೂ ತೀರಿದ ಮೇಲೆ 50,000. ಅಡಮಾನ ಬೇಡ. ಸಮಯಕ್ಕೆ ಕಟ್ಟಿದವರಿಗೆ ವರ್ಷಕ್ಕೆ ಶೇ. 7ರ ಬಡ್ಡಿ ಸಹಾಯಧನ ಖಾತೆಗೆ ಬರುತ್ತದೆ. ಅಂದರೆ 50 ಸಾವಿರ ಇರುವುದು ಮೂರನೇ ಮೆಟ್ಟಿಲಲ್ಲಿ, ಅದೂ ಸಾಲವಾಗಿ.

ವಿಚಾರಿಸಬೇಕಾದ ಜಾಗ ಪುತ್ತೂರು ನಗರಸಭೆ, ಸುಳ್ಯ ಅಥವಾ ಕಡಬ ಪಟ್ಟಣ ಪಂಚಾಯತ್. ಹಳ್ಳಿಯಲ್ಲಿ ಮನೆಯಿದ್ದು ಪೇಟೆಗೆ ಬಂದು ಮಾರುವವರೂ ಇಲ್ಲಿ ಶಿಫಾರಸು ಪತ್ರ ಕೇಳಬಹುದು.

ಕಾಗದಪತ್ರ

2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯಲ್ಲಿ ಒಂದೇ ಕಡೆ ನಿಲ್ಲುವವರ ಜತೆ ಸಂಚಾರಿ ವ್ಯಾಪಾರಿಗಳಿಗೂ ಪ್ರಮಾಣಪತ್ರದ ಅವಕಾಶವಿದೆ. ತಿಂಡಿ ಮಾರಲು ಆಹಾರ ಸುರಕ್ಷತೆಯ ನೋಂದಣಿಯೂ ಬೇಕು. 2011ರ ನಿಯಮಾವಳಿ ಸಣ್ಣ ವ್ಯಾಪಾರಿಗೆ ಇದರ ಶುಲ್ಕವನ್ನು ವರ್ಷಕ್ಕೆ ಬರೇ 100 ರೂ. ಎಂದು ಇಟ್ಟಿತ್ತು. ಓಮ್ನಿ, ಟೆಂಪೋಗಳನ್ನು ಕ್ಯಾಂಟೀನ್ ಮಾಡುವುದಾದರೆ ವಾಹನದ ಬದಲಾವಣೆಗೆ ಆರ್‌ಟಿಒ ಒಪ್ಪಿಗೆ ಬೇಕು. ಪುತ್ತೂರಿನಲ್ಲೇ ಆರ್‌ಟಿಒ ಕಚೇರಿ ಇದೆ.

ಸಾಲಕ್ಕಿಂತ ಮೊದಲು ಒಂದು ಪುಟದ ಲೆಕ್ಕ

ಒಂದು ಉದಾಹರಣೆ ನೋಡೋಣ. ಪ್ಲೇಟ್ ಚರುಮುರಿಗೆ 40 ರೂ. ಎಂದಿಟ್ಟುಕೊಳ್ಳಿ. ಸಾಮಾನು, ತಟ್ಟೆ ಸೇರಿ ಖರ್ಚು 20, ಉಳಿಯುವುದು 20. ಸಹಾಯಕರ ಸಂಬಳ, ಪೆಟ್ರೋಲ್, ಇತರ ಖರ್ಚು ಸೇರಿ ದಿನಕ್ಕೆ 800 ಆದರೆ, ಮೊದಲ 40 ಪ್ಲೇಟ್ ಬರೀ ಖರ್ಚಿಗೆ ಹೋಯಿತು. ಸಾಲದ ಕಂತು ತಿಂಗಳಿಗೆ 1,400 ಇದ್ದು 25 ದಿನ ವ್ಯಾಪಾರವಾದರೆ ದಿನಕ್ಕೆ ಇನ್ನೂ 3 ಪ್ಲೇಟ್. 44ನೇ ಪ್ಲೇಟಿನಿಂದ ನಿಮ್ಮ ದುಡಿಮೆ ಶುರು. 70 ಪ್ಲೇಟ್ ಹೋದರೆ ಮನೆಗೆ ಒಯ್ಯುವುದು 540 ರೂ.

ನಮ್ಮ ಊರಿನಲ್ಲಿ ಇನ್ನೊಂದು ಲೆಕ್ಕವಿದೆ, ಮಳೆಯದ್ದು. ಏಪ್ರಿಲ್‌ನಲ್ಲಿ ಪುತ್ತೂರು ಮಹಾಲಿಂಗೇಶ್ವರನ ಜಾತ್ರೆ, ಚಂಪಾಷಷ್ಠಿಗೆ ಕುಕ್ಕೆಯಲ್ಲಿ ಜನಸಾಗರ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಆಟಿ ತಿಂಗಳಲ್ಲಿ ಗಾಡಿ ಹೊರಗೆ ತರುವುದೇ ಕಷ್ಟ. ಕಂತಿಗೆ ಮಳೆಗಾಲದ ರಜೆ ಇಲ್ಲ. ಆದ್ದರಿಂದ ಜಾತ್ರೆ, ಕೋಲ, ಕಂಬಳದ ದುಡ್ಡಿನಿಂದ ನಾಲ್ಕು ಕಂತು, ಅಂದರೆ 5,600 ರೂ., ಬೇರೆ ತೆಗೆದಿಡಿ. ಹೊಸದಾಗಿ ಶುರು ಮಾಡುವವರು ಮಳೆಯ ಹೊಸ್ತಿಲಲ್ಲಿ ಸಾಲ ಎತ್ತುವುದಕ್ಕಿಂತ ದೀಪಾವಳಿ ಕಳೆದ ಮೇಲೆ ಎತ್ತುವುದು ಒಳ್ಳೆಯದು. ಕಂತುಗಳು ತಪ್ಪುತ್ತಾ ಹೋದರೆ ಬಡ್ಡಿ ಸಹಾಯಧನಕ್ಕೂ, ಮುಂದಿನ ಮೆಟ್ಟಿಲಿಗೂ ಪೆಟ್ಟು ಬೀಳಬಹುದು.

ಈ ಲೆಕ್ಕ ಒಬ್ಬರೇ ಹಾಕಲು ಆಗದಿದ್ದರೆ ಪಕ್ಕದ ಬೆಳ್ತಂಗಡಿ ತಾಲೂಕಿನ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆ ಇದೆ. 1982ರಲ್ಲಿ ಶುರುವಾದ ಇದು ನಿರುದ್ಯೋಗಿ ಯುವಜನರಿಗೆ ಸ್ವಉದ್ಯೋಗದ ತರಬೇತಿಯನ್ನು ಉಚಿತವಾಗಿ ಕೊಡುತ್ತದೆ.

ಫಾರ್ವರ್ಡ್ ಮಾಡುವ ಮುನ್ನ

ಸರಕಾರಿ ಜಾಲತಾಣದ ವಿಳಾಸ ಸಾಮಾನ್ಯವಾಗಿ "ಗವ್ ಡಾಟ್ ಇನ್" ಎಂದು ಮುಗಿಯುತ್ತದೆ. ಸಾಲ ಮಂಜೂರಾಗಿದೆ, ಮೊದಲು ಶುಲ್ಕ ಕಳಿಸಿ ಎಂದರೆ ಅದು ವಂಚನೆ. ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಾಗಿಲ್ಲ. ಪಿನ್ ಒತ್ತಿದರೆ ಹೋಗುವುದು ನಿಮ್ಮ ಹಣ. ಮೋಸ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ನಿಮ್ಮ ಪರಿಚಯದ ಗಾಡಿಯವರಿಗೆ ಸಹಾಯ ಮಾಡಬೇಕೆಂದಿದ್ದರೆ ಲಿಂಕ್ ಕಳಿಸಬೇಡಿ. ಒಂದು ದಿನ ಜತೆಗೆ ನಗರಸಭೆಗೋ ಪಟ್ಟಣ ಪಂಚಾಯತಿಗೋ ಹೋಗಿ ಬನ್ನಿ.