ಎದುರು ಬಂದವರಿಗೆ ದಾರಿ

ಶ್ರವಣಬೆಳಗೊಳದ ವಿಂಧ್ಯಗಿರಿಯನ್ನು ಹತ್ತಿದವರು ಡೋಲಿ ಹೊರುವವರನ್ನು ಕಾಣದೆ ಇರಲಾರರು. ಬಂಡೆಯಲ್ಲಿ ಕಡಿದ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳು. ಏರುವವರು, ಇಳಿಯುವವರು, ನಡುವೆ ಉಸಿರಿಗಾಗಿ ಕುಳಿತವರು, ತಾಯಿಯ ಕೈ ಬಿಡಿಸಿಕೊಂಡು ಓಡುವ ಮಕ್ಕಳು. ಇವರೆಲ್ಲರ ನಡುವೆ ನಾಲ್ವರು ಒಬ್ಬ ವೃದ್ಧೆಯನ್ನು ಕುರ್ಚಿಯಲ್ಲಿ ಕೂರಿಸಿ, ಹೆಗಲು ಕೊಟ್ಟು ಏರುತ್ತಾರೆ. ಕುರ್ಚಿ ವಾಲುವುದಿಲ್ಲ, ಯಾರಿಗೂ ತಗಲುವುದಿಲ್ಲ. ಮುಂದಿನವರ ಕಣ್ಣು ಎದುರು ಬರುವವರ ಮುಖದ ಮೇಲೆ, ಹಿಂದಿನವರ ಕಣ್ಣು ಮುಂದಿನವರ ಹೆಗಲ ಮೇಲೆ. ಆಗೊಮ್ಮೆ ಈಗೊಮ್ಮೆ "ದಾರಿ, ಸ್ವಾಮಿ, ದಾರಿ" ಎಂಬ ಕೂಗು, ಒಂದು ಹೆಜ್ಜೆಯ ತಡೆ, ಮತ್ತೆ ನಡಿಗೆ.

ಇದನ್ನು ವಿದ್ಯೆಯೆಂದು ಯಾರೂ ಎಣಿಸಿಲ್ಲ. ಆದರೆ ಇಂದು ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಎಂಜಿನಿಯರರೂ ಗಣಿತಜ್ಞರೂ ಸಮಾಜಶಾಸ್ತ್ರಜ್ಞರೂ ಒಂದೆಡೆ ಕುಳಿತು ಯಂತ್ರಗಳಿಗೆ ಕಲಿಸಲು ಹೆಣಗುತ್ತಿರುವುದು ಇದೇ ವಿದ್ಯೆಯನ್ನು. ಜನರ ನಡುವೆ, ಜನರಿಗೆ ನೋವಾಗದಂತೆ, ನಡೆಯುವುದು ಹೇಗೆ? ಈ ಪ್ರಶ್ನೆಗೆ ಈಗ ಸುಮಾರು ಅರವತ್ತು ವರ್ಷಗಳ ಚರಿತ್ರೆಯಿದೆ.

ಯಂತ್ರದ ಗೊಂಬೆಯನ್ನು ಮನುಷ್ಯ ಕಲ್ಪಿಸಿಕೊಂಡದ್ದು ಅದಕ್ಕೂ ಬಹು ಹಿಂದೆ. ಹನ್ನೊಂದನೆಯ ಶತಮಾನದ ಭೋಜರಾಜನ ಹೆಸರಿನಲ್ಲಿರುವ 'ಸಮರಾಂಗಣ ಸೂತ್ರಧಾರ'ದಲ್ಲಿ ಯಂತ್ರಗಳಿಗೆಂದೇ ಒಂದು ಅಧ್ಯಾಯವಿದ್ದು, ಬಾಗಿಲು ಕಾಯುವ ಮರದ ಗೊಂಬೆಯ ಮಾತು ಅಲ್ಲಿ ಬರುತ್ತದೆ. ಇಂಥ ಯಂತ್ರಕ್ಕೆ 'ರೋಬಾಟ್' ಎಂಬ ಹೆಸರು ಬಂದದ್ದು ಮಾತ್ರ 1920ರಲ್ಲಿ, ಚೆಕ್ ನಾಟಕಕಾರ ಕಾರೆಲ್ ಚಾಪೆಕನ 'ಆರ್.ಯು.ಆರ್.' ಎಂಬ ನಾಟಕದಿಂದ. ಆ ಭಾಷೆಯಲ್ಲಿ 'ರೊಬೊತ' ಎಂದರೆ ಒಡೆಯನ ಹೊಲದಲ್ಲಿ ಕೂಲಿಯಿಲ್ಲದೆ ಮಾಡಬೇಕಾದ ದುಡಿಮೆ. ಕನ್ನಡದ ಮೇಷ್ಟರಿಗೆ ಇದಕ್ಕೆ ಪದ ಹುಡುಕುವ ಕಷ್ಟವಿಲ್ಲ. ನಮ್ಮ ಶಾಸನಗಳಲ್ಲಿಯೇ ಅದಿದೆ: ಬಿಟ್ಟಿ. ಯಂತ್ರಮಾನವನಿಗೆ ಹುಟ್ಟುವಾಗಲೇ ಆಳಿನ ಹೆಸರು ಬಿತ್ತು. ಈ ಮಾತನ್ನು ಓದುಗರು ಸ್ವಲ್ಪ ನೆನಪಿನಲ್ಲಿಟ್ಟಿರಬೇಕು.

ತನ್ನ ದಾರಿಯನ್ನು ತಾನೇ ಯೋಚಿಸಿ ನಡೆದ ಮೊದಲ ಯಂತ್ರವೆಂದು ಹೆಸರಾದದ್ದು ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ 'ಶೇಕಿ'. 1966ರಿಂದ 1972ರವರೆಗೆ ಅದರ ಪ್ರಯೋಗ ನಡೆಯಿತು. ನಡೆಯುವಾಗ ನಡುಗುತ್ತಿದ್ದುದರಿಂದ ಅದಕ್ಕೆ ಆ ಹೆಸರು. ಕೆಲವು ಕೋಣೆಗಳು, ಅವುಗಳಲ್ಲಿ ಕೆಲವು ಮರದ ದಿಮ್ಮಿಗಳು. ಅವನ್ನು ಬಳಸಿಕೊಂಡು ಹೋಗುವುದೇ ಅದರ ಸಾಧನೆ. ಅತ್ಯಲ್ಪ ದೂರದ ದಾರಿಯನ್ನು ಕಂಡುಹಿಡಿಯುವ 'ಎ-ಸ್ಟಾರ್' ಎಂಬ ಲೆಕ್ಕದ ಕ್ರಮವನ್ನು ಹಾರ್ಟ್, ನಿಲ್ಸನ್, ರಾಫೆಲ್ ಎಂಬ ಮೂವರು 1968ರಲ್ಲಿ ಪ್ರಕಟಿಸಿದ್ದು ಈ ಕೆಲಸದ ನಡುವೆಯೇ. ದಿಮ್ಮಿಗಳಿಗೆ ಒಂದು ದೊಡ್ಡ ಗುಣವುಂಟು: ಅವು ಇಟ್ಟಲ್ಲಿ ಇರುತ್ತವೆ.

ಯಂತ್ರವನ್ನು ದೂರದಿಂದ ನಡೆಸುವ ವಿದ್ಯೆಯಲ್ಲಿ ನಮ್ಮ ಹಾಸನವೂ ಹಿಂದುಳಿದಿಲ್ಲ. 1982ರಲ್ಲಿ ಇಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ತೆರೆಯಿತು. ಆ ವರ್ಷ ಏಪ್ರಿಲಿನಲ್ಲಿ ಹಾರಿಸಿದ ಇನ್ಸಾಟ್-1ಎ ಸೆಪ್ಟೆಂಬರಿನಲ್ಲೇ ಕೈಬಿಟ್ಟುಹೋಯಿತು. ಮರುವರ್ಷದ ಇನ್ಸಾಟ್-1ಬಿ ಕೈಹಿಡಿಯಿತು. ಅಂದಿನಿಂದ ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಗಳನ್ನು ಹಾಸನದಿಂದ ಸರಿಸುವುದು, ನಿಲ್ಲಿಸುವುದು ನಡೆದಿದೆ. 2023ರ ಆಗಸ್ಟಿನಲ್ಲಿ ಬೆಂಗಳೂರಿನ ವಿಜ್ಞಾನಿಗಳು ಚಂದ್ರನ ಮೇಲೆ 'ಪ್ರಜ್ಞಾನ'ವನ್ನು ನಡೆಸಿದರು. ನಾಲ್ಕು ಮೀಟರ್ ಅಗಲದ ಕುಳಿಯೊಂದು ಎದುರಾದಾಗ ಅದನ್ನು ಹಿಂದಿರುಗಿಸಿ ಬೇರೆ ದಾರಿ ಹಿಡಿಸಿದರು. ಇವೆಲ್ಲ ಹೆಮ್ಮೆಯ ಸಂಗತಿಗಳೇ. ಆದರೂ ಆಕಾಶದಲ್ಲಿ ಸೊಪ್ಪಿನ ಪುಟ್ಟಿ ಹೊತ್ತು ಎದುರು ಬರುವವರಿಲ್ಲ. ಚಂದ್ರಲೋಕದ ಕುಳಿ ತಾನಾಗಿ ಪಕ್ಕಕ್ಕೆ ಸರಿಯುವುದಿಲ್ಲ, ಮೈಮೇಲೆ ಬೀಳುವುದೂ ಇಲ್ಲ. ಸಂಜೆಯ ಹೊತ್ತು ಹಾಸನದ ಮಾರುಕಟ್ಟೆಯಲ್ಲಿ ನೂರು ಗಜ ನಡೆಯುವುದು ಇದಕ್ಕಿಂತ ಬೇರೆ ಬಗೆಯ ಕಷ್ಟ.

ಈ ಕಷ್ಟದ ಅರಿವು ಯಂತ್ರಗಳನ್ನು ಜನರ ನಡುವೆ ಬಿಟ್ಟಾಗ ಸ್ಪಷ್ಟವಾಯಿತು. 1997ರಲ್ಲಿ ಜರ್ಮನಿಯ ಬಾನ್ ನಗರದ ವಸ್ತುಸಂಗ್ರಹಾಲಯದಲ್ಲಿ 'ರೈನೊ', ಮರುವರ್ಷ ವಾಷಿಂಗ್ಟನ್ನಿನ ವಸ್ತುಸಂಗ್ರಹಾಲಯದಲ್ಲಿ 'ಮಿನರ್ವ' ಎಂಬ ಯಂತ್ರಗಳು ಬಂದವರಿಗೆ ದಾರಿ ತೋರಿಸಿದವು. ಮಿನರ್ವ ಎರಡು ವಾರಗಳಲ್ಲಿ ನಲವತ್ತನಾಲ್ಕು ಕಿಲೋಮೀಟರ್ ಓಡಾಡಿತು. ಅದಕ್ಕೆ ಒಂದು ಮುಖವನ್ನು ಮಾಡಿದ್ದರು. ದಾರಿಗೆ ಅಡ್ಡ ನಿಂತರೆ ಅದು ಮುಖ ಗಂಟಿಕ್ಕುತ್ತಿತ್ತು. ಲೆಕ್ಕದಿಂದ ಸಾಗದ ಕೆಲಸಕ್ಕೆ ಮುಖಭಾವ ಬೇಕಾಯಿತೆಂಬುದನ್ನು ಗಮನಿಸಬೇಕು.

ಇಲ್ಲಿಂದ ಮುಂದೆ ಎಂಜಿನಿಯರರು ಬೇರೆ ಶಾಸ್ತ್ರಗಳ ಬಾಗಿಲು ತಟ್ಟಿದರು. ಜನ ಪರಸ್ಪರ ಎಷ್ಟು ಅಂತರದಲ್ಲಿ ನಿಲ್ಲುತ್ತಾರೆಂಬುದನ್ನು ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ 1966ರಲ್ಲಿಯೇ ಬರೆದಿದ್ದ: ಆಪ್ತರಿಗೆ ಒಂದೂವರೆ ಅಡಿ, ಪರಿಚಿತರಿಗೆ ನಾಲ್ಕು ಅಡಿ, ಉಳಿದವರಿಗೆ ಇನ್ನೂ ಹೆಚ್ಚು, ಈ ಅಳತೆ ದೇಶದಿಂದ ದೇಶಕ್ಕೆ ಬೇರೆಯೆಂದೂ ಹೇಳಿದ್ದ. ದಾರಿಹೋಕರು ಒಬ್ಬರನ್ನೊಬ್ಬರು ತಳ್ಳಿಕೊಳ್ಳದೆ ಸರಿಯುವುದನ್ನು ಭೌತಶಾಸ್ತ್ರದ ಬಲಗಳಂತೆ ಲೆಕ್ಕಹಾಕಬಹುದೆಂದು 1995ರಲ್ಲಿ ಹೆಲ್ಬಿಂಗ್ ಮತ್ತು ಮೊಲ್ನಾರ್ ತೋರಿಸಿದರು. 2010ರಲ್ಲಿ ಟ್ರಾಟ್ಮನ್ ಮತ್ತು ಕ್ರೌಸ್ ಎಂಬಿಬ್ಬರು ಇನ್ನೊಂದು ತೊಡಕನ್ನು ಬಿಡಿಸಿ ಹೇಳಿದರು. ಪ್ರತಿಯೊಬ್ಬ ಮನುಷ್ಯನೂ ಎತ್ತ ಬೇಕಾದರೂ ಬಂದಾನೆಂದು ಹೆದರುವ ಯಂತ್ರಕ್ಕೆ ಎಲ್ಲ ದಾರಿಯೂ ಮುಚ್ಚಿದಂತೆ ಕಾಣುತ್ತದೆ. ಅದು ಮರಗಟ್ಟಿ ನಿಂತುಬಿಡುತ್ತದೆ. ನಾನು ಹೆಜ್ಜೆಯಿಟ್ಟರೆ ಎದುರಿನವನೂ ತುಸು ಸರಿದಾನು ಎಂಬ ನಂಬಿಕೆ ಅದಕ್ಕೆ ಬೇಕು. ಡೋಲಿ ಹೊರುವವರು ನೆಚ್ಚಿ ನಡೆಯುವುದು ಈ ನಂಬಿಕೆಯನ್ನೇ.

ನಮ್ಮ ದೇಶಕ್ಕೆ ಸಂಬಂಧಿಸಿದ ಒಂದು ಪ್ರಯೋಗ ವಿಶೇಷವಾದದ್ದು. ಜರ್ಮನಿಯಲ್ಲೂ ಭಾರತದಲ್ಲೂ ಜನರನ್ನು ಒಬ್ಬರ ಹಿಂದೆ ಒಬ್ಬರಂತೆ ನಡೆಸಿ ನೋಡಿ, ಚಟ್ಟರಾಜ್, ಸೇಫ್ರೀಡ್, ಚಕ್ರವರ್ತಿ ಎಂಬ ಮೂವರು 2009ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ದಟ್ಟಣೆ ಹೆಚ್ಚಿದಾಗ ಶಿಸ್ತಿನ ಜರ್ಮನರಿಗಿಂತ, ಅಷ್ಟೇನೂ ಶಿಸ್ತಿಲ್ಲದ ಭಾರತೀಯರ ಸಾಲು ಚೆನ್ನಾಗಿ ಸಾಗಿತು! ದೀಪಾವಳಿಯ ಸುಮಾರಿಗೆ ಹಾಸನಾಂಬೆಯ ಬಾಗಿಲು ತೆರೆದಾಗ ಸಾಲಿನಲ್ಲಿ ನಿಂತವರು, ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ತೇರಿನ ದಿನ ಹೊಳೆಯ ದಂಡೆಯಲ್ಲಿ ನಡೆದವರು, ಬೂಕನಬೆಟ್ಟದ ದನಗಳ ಜಾತ್ರೆಯಲ್ಲಿ ಎತ್ತುಗಳ ಕೊಂಬಿನ ನಡುವೆ ತೂರಿದವರು ಈ ಫಲಿತಾಂಶಕ್ಕೆ ಆಶ್ಚರ್ಯಪಡಲಾರರು. ನಾಲ್ಕು ಅಡಿ ಬಿಟ್ಟು ನಿಲ್ಲಲು ಕಲಿತ ಯಂತ್ರವನ್ನು ಅಲ್ಲಿ ತಂದುಬಿಟ್ಟರೆ ಜಾತ್ರೆ ಮುಗಿಯುವವರೆಗೂ ಅದು ನಿಂತಲ್ಲೇ ನಿಂತೀತು.

ಹಾಗಾದರೆ ಯಂತ್ರ ಕಲಿಯುವುದು ಯಾರಿಂದ? ಟೆಕ್ಸಾಸ್ ವಿಶ್ವವಿದ್ಯಾಲಯದ ಆಸ್ಟಿನ್ ಆವರಣದಲ್ಲಿ ಸಂಶೋಧಕರು ಯಂತ್ರಗಳನ್ನು ಜನರ ನಡುವೆ ತಾವೇ ನಡೆಸಿ, 138 ನಡಿಗೆಗಳನ್ನು, ಒಟ್ಟು ಸುಮಾರು ನಲವತ್ತು ಕಿಲೋಮೀಟರನ್ನು, ದಾಖಲೆ ಮಾಡಿ 2022ರಲ್ಲಿ ಎಲ್ಲರಿಗೂ ಒದಗಿಸಿದರು. ಅದೇ ವರ್ಷ ಅಲ್ಲಿ ಎಂಜಿನಿಯರರ ಜೊತೆಗೆ ಸಂವಹನ, ಮಾಹಿತಿಶಾಸ್ತ್ರ ಮೊದಲಾದ ವಿಭಾಗದವರೂ ಸೇರಿ ಐದು ವರ್ಷದ ಅಧ್ಯಯನಕ್ಕೆ ಕೈಹಾಕಿದರು. ಮನುಷ್ಯ ನಡೆಸಿದಂತೆ ಯಂತ್ರ ನಡೆಯಲು ಕಲಿಯುತ್ತದೆ. ಗುರುವಿನ ಹೆಜ್ಜೆಯನ್ನು ಶಿಷ್ಯ ಹಿಡಿದಂತೆ.

ಇಲ್ಲಿಯೇ ನಾವು ಎಚ್ಚರವಾಗಿರಬೇಕಾದದ್ದು. ನಾಳೆ ನಮ್ಮ ಬೀದಿಗಳಲ್ಲಿಯೂ ಇಂಥ ದಾಖಲೆ ನಡೆಯಬಹುದು. ಆದರೆ ನಮ್ಮಲ್ಲಿ ದಾರಿ ಬಿಡುವುದು ಎಂದೂ ಬರಿಯ ಸೌಜನ್ಯವಾಗಿ ಉಳಿದಿರಲಿಲ್ಲ. ಯಾರು ಸರಿಯಬೇಕು, ಯಾರು ನೇರ ನಡೆಯಬೇಕು ಎಂಬುದನ್ನು ಹುಟ್ಟು ತೀರ್ಮಾನಿಸುತ್ತಿತ್ತು. ದೇವಸ್ಥಾನದ ಸುತ್ತಲಿನ ಬೀದಿಯಲ್ಲಿ ನಡೆಯುವ ಹಕ್ಕಿಗಾಗಿ 1924-25ರಲ್ಲಿ ವೈಕಂನಲ್ಲಿ ಸತ್ಯಾಗ್ರಹವೇ ನಡೆಯಬೇಕಾಯಿತು. ಅದು ದೂರದ ಮಾತೆಂದು ಸಮಾಧಾನಪಡುವಂತಿಲ್ಲ. ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ ದಲಿತ ಮಹಿಳೆಯರು ಗುಡಿಯೊಳಗೆ ಹೋದದ್ದು ದೊಡ್ಡ ವಿವಾದವಾದದ್ದು 2015ರಲ್ಲಿ. ಚನ್ನರಾಯಪಟ್ಟಣ ತಾಲ್ಲೂಕಿನ ದಿಂಡಗೂರಿನಲ್ಲಿ ಅಧಿಕಾರಿಗಳ ಸಮ್ಮುಖದಲ್ಲಿ ದಲಿತರು ಗುಡಿಯ ಹೊಸ್ತಿಲು ದಾಟಿದ್ದು 2021ರಲ್ಲಿ.

ಯಂತ್ರಕ್ಕೆ ಜಾತಿ ತಿಳಿಯದು, ನಿಜ. ಆದರೆ ಯಾರು ಮೊದಲು ಸರಿಯುತ್ತಾರೆಂಬುದು ಅದಕ್ಕೆ ತಿಳಿಯುತ್ತದೆ. ಮೈ ಮುದುಡಿ ಗೋಡೆಗೆ ಒತ್ತಿ ನಿಲ್ಲುವವರ ಮುಂದೆ ನುಗ್ಗಬಹುದೆಂದೂ, ಎದೆಯುಬ್ಬಿಸಿ ಬರುವವರ ಮುಂದೆ ನಿಲ್ಲಬೇಕೆಂದೂ ಅದು ಬೀದಿಯಿಂದಲೇ ಕಲಿತೀತು. ಬಿಟ್ಟಿಯ ಆಳಿನ ಹೆಸರು ಹೊತ್ತು ಹುಟ್ಟಿದ್ದು, ಬಿಟ್ಟಿ ಮಾಡಿದವರ ಮಕ್ಕಳನ್ನೇ ಪಕ್ಕಕ್ಕೆ ಸರಿಸಿದರೆ, ಎಷ್ಟು ಶಾಸ್ತ್ರಗಳು ಕೂಡಿದರೂ ಬಂದ ಫಲವೇನು? ಆದುದರಿಂದ ಇಂಥ ಪಂಡಿತಮಂಡಲಿಯಲ್ಲಿ ಚರಿತ್ರೆಯನ್ನು ಬಲ್ಲವನೊಬ್ಬನಿಗೂ ಒಂದು ಮಣೆ ಬೇಕು. ಇದ್ದದ್ದನ್ನು ಅಳೆಯುವುದರ ಜೊತೆಗೆ ಇರಬೇಕಾದದ್ದನ್ನೂ ಕೇಳುವುದಕ್ಕೆ.

ಹಿಂದೊಮ್ಮೆ ಬೆಟ್ಟ ಇಳಿಯುವಾಗ ನಾನು ಕಂಡದ್ದನ್ನು ಹೇಳಿ ಮುಗಿಸುತ್ತೇನೆ. ಕೋಲೂರಿಕೊಂಡು ಒಬ್ಬ ಮುದುಕ, ಬಡವನೆಂದು ನೋಡಿದರೆ ತಿಳಿಯುತ್ತಿತ್ತು, ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದ. ಎದುರಿಗೆ ಡೋಲಿ ಬಂತು. ಗಾಬರಿಗೊಂಡ ಮುದುಕ ಬಂಡೆಯ ಕಡೆಗೆ ಸರಿಯಲು ಹೋದ. ಮುಂದಿದ್ದವನು "ನೀವು ಬನ್ನಿ ಅಜ್ಜಾ, ನಿಧಾನಕ್ಕೆ ಬನ್ನಿ" ಎಂದ. ಹೆಗಲ ಭಾರದೊಡನೆ ನಾಲ್ವರೂ ನಿಂತರು. ಅಜ್ಜ ದಾಟಿದ ಮೇಲೆ ಮತ್ತೆ ಏರತೊಡಗಿದರು.